ಮೈಕು ಒಪ್ಪದ ಮಾತು

ಮಾತನಾಡುವವರೇ ನಂಬದ ಮಾತನ್ನು ಮೈಕುಗಳು ಹೊರಬಿಡದೆ ವರ್ಷಗಳಾಗಿದ್ದವು. ಸಭಿಕರಿಗೂ ಅದು ರೂಢಿಯಾಗಿತ್ತು. ಧಾರವಾಡದ ಒಂದು ಪತ್ರಿಕೋದ್ಯಮ ಕಾಲೇಜಿನಲ್ಲಿ ಪ್ರಾಂಶುಪಾಲರು ಎಷ್ಟೋ ಹೊತ್ತು ಸ್ವಾಗತ ಭಾಷಣ ಮಾಡಿದರೂ ಹಿಂದಿನ ಸಾಲಿಗೆ ಕೇಳಿಸಿದ್ದು, "ಊಟದ ವ್ಯವಸ್ಥೆ ಇದೆ" ಎಂಬುದಷ್ಟೇ.

ವಿದ್ಯಾರ್ಥಿಗಳನ್ನು ಹುರಿದುಂಬಿಸಲು ನಿವೃತ್ತ ವಾರ್ತಾವಾಚಕ ಗುರುಬಸಪ್ಪ ಹಂಜಿಯವರು ಎದ್ದರು. "ಮಾಧ್ಯಮರಂಗದಲ್ಲಿ ಅವಕಾಶಗಳಿಗೆ ಬರವಿಲ್ಲ" ಎಂದರು. ಮೈಕು ತುಟಿ ಬಿಚ್ಚಲಿಲ್ಲ.

ಮುಂದಿನ ಸಾಲಿನ ದಾಕ್ಷಾಯಿಣಿ ಇನ್ನೊಂದು ಮೈಕು ಹಿಡಿದು ಎದ್ದಳು. "ಸರ್, ಇದನ್ನ ಬಿಟ್ಟು ಬಿ.ಎಡ್. ಮಾಡು ಅಂತಾರ್ರಿ ಮನ್ಯಾಗ. ನಾಳೆನ ಹೇಳಬೇಕ್ರಿ. ಏನ್ ಮಾಡ್ಲಿ?"

ಹಂಜಿಯವರು ಬರೆದು ತಂದ ಭಾಷಣವನ್ನು ಮಡಚಿಟ್ಟು, ಈ ಹುಡುಗಿಗಾದರೂ ನಿಜ ಹೇಳೋಣವೆಂದುಕೊಂಡರು. "ಈ ಕೆಲಸಕ್ಕ ಬಂದು ನನ್ನ ಜನ್ಮ ಹಾಳಾತು, ತಂಗಿ."

ಮೈಕು ಮೌನ. ತಂತಿ ಸಡಿಲವಾಗಿರಬೇಕೆಂದು ಬೆರಳಿನಿಂದ ತಟ್ಟಿದರು. ಸಭಾಂಗಣವೆಲ್ಲ ಠಕ್ ಠಕ್ ಎಂದಿತು. ಗಂಟಲು ಸರಿಪಡಿಸಿಕೊಂಡು, ಸುದ್ದಿ ಓದುವ ಹಳೆಯ ಗತ್ತಿನಲ್ಲಿ ಮತ್ತೊಮ್ಮೆ ಹೇಳಿದರು: "ಖರೇನ ಹಾಳಾತು!"

ಮತ್ತೆ ಮೌನ. ಅದು ತಾವೇ ನಂಬದ ಮಾತೆಂದು ಅವರಿಗೆ ಹೊಳೆಯುವ ಮೊದಲೇ ದಾಕ್ಷಾಯಿಣಿ ನಕ್ಕುಬಿಟ್ಟಳು.

"ಸಾಕ್ರೀ ಸರ್, ಗೊತ್ತಾತು. ನಾ ಇಲ್ಲೇ ಇರ್ತೇನ್ರಿ."

ಆ ಮಾತು ಕೊನೆಯ ಸಾಲಿನವರೆಗೂ ಸ್ಪಷ್ಟವಾಗಿ ಕೇಳಿಸಿತು.