ಬದರಿನಾಥರು ಕೂತ ಜಾಗ

"ಅಂಕಲ್ ಮೈದಾನದಲ್ಲಿ ಯಾವ ಕಡೆ ಕೂರ್ತಿದ್ರು ಲೀಲಾ ಆಂಟಿ, ಎಡಕ್ಕೋ ಬಲಕ್ಕೋ?" ಎಂದು ಶಿವಪ್ರಸಾದ ಕೇಳಿದಾಗ ಲೀಲಾ ಕೈಯಲ್ಲಿದ್ದ ಕಾಫಿ ಲೋಟವನ್ನು ಕೆಳಗಿಟ್ಟರು.

ಹ್ಯಾಮಿಲ್ಟನ್ನಿನ ಆ ಸಮುದಾಯ ಭವನದ ನಡುವೆ ಹೊಸ ಮರದ ಬೆಂಚೊಂದು ಮದುಮಗನ ಹಾಗೆ ಹಾರ ಹಾಕಿಸಿಕೊಂಡು ನಿಂತಿತ್ತು. ಬೆನ್ನಿನ ಹಲಗೆಯಲ್ಲಿ ಕೆತ್ತಿಸಿದ್ದರು: 'ಇಲ್ಲಿ ಕೂತು ಬದರಿನಾಥ್ ನಮಗೆ ಬೇಸ್‌ಬಾಲ್ ತೋರಿಸಿದರು.' ನಾಳೆ ಅದು ಶಿವಪ್ರಸಾದನ ಯೂಟ್ ಎಂಬ ಪುಟ್ಟ ಟ್ರಕ್ಕು ಹತ್ತಿ ಹೆಂಡರ್ಸನ್ ಮೈದಾನಕ್ಕೆ ಹೋಗಬೇಕು. ಊರ ತಂಡ ಅಲ್ಲಿಗೆ ಆಡಲು ಹೋದ ಶನಿವಾರಗಳಲ್ಲೆಲ್ಲ, ಹನ್ನೊಂದು ವರ್ಷ, ಲೀಲಾರ ಗಂಡ ಬದರಿನಾಥರು ರೇಡಿಯೊದಲ್ಲಿ ಕನ್ನಡದ ವೀಕ್ಷಕ ವಿವರಣೆ ಕೊಟ್ಟಿದ್ದರು. ಕ್ರಿಕೆಟ್ ಬಿಟ್ಟರೆ ಬೇರೆ ಆಟವೇ ಇಲ್ಲ ಎನ್ನುತ್ತಿದ್ದ ಜನಕ್ಕೆ ಬೇಸ್‌ಬಾಲ್ ಹುಚ್ಚು ಹಿಡಿಸಿದ ಪುಣ್ಯಾತ್ಮ. ತೀರಿಕೊಂಡು ಹದಿನೈದು ದಿನವಾಗಿತ್ತು.

ಲೀಲಾಗೆ ಉತ್ತರ ಗೊತ್ತಿತ್ತು. ಎಡಕ್ಕೂ ಅಲ್ಲ, ಬಲಕ್ಕೂ ಅಲ್ಲ. ಬದರಿನಾಥರು ಹೆಂಡರ್ಸನ್ ಮೈದಾನಕ್ಕೆ ಕಾಲಿಟ್ಟವರೇ ಅಲ್ಲ. ರೇಡಿಯೊದವರ ಬಳಿ ಇದ್ದದ್ದು ಹ್ಯಾಮಿಲ್ಟನ್ನಿನ ಪುಟ್ಟ ಕೋಣೆ, ಅದರೊಳಗೊಂದು ಮೈಕು. ಹೊರಗಿನಿಂದ ಪ್ರಸಾರ ಮಾಡುವ ಯಂತ್ರವೇ ಇರಲಿಲ್ಲ. ಹೆಂಡರ್ಸನ್ನಿಗೆ ಕಾರು ಓಡಿಸಿಕೊಂಡು ಹೋಗುತ್ತಿದ್ದವರು ಲೀಲಾ. ಅಲ್ಲಿ ಕೂತು ಮೊಬೈಲಿನಲ್ಲಿ ಒಂದೊಂದೇ ಸಾಲು ಕಳಿಸುತ್ತಿದ್ದರು. ಇಲ್ಲಿ ಕೋಣೆಯಲ್ಲಿ ಕೂತು ಗಂಡ ಆ ಸಾಲುಗಳಿಂದಲೇ ಇಡೀ ಆಟ ಕಟ್ಟಿ ಹೇಳುತ್ತಿದ್ದರು. ಊಟದ ಡಬ್ಬಿ ಹಿಡಿದ ಆಂಟಿಯ ಕಡೆ ಯಾರು ತಿರುಗಿ ನೋಡುತ್ತಾರೆ?

ಮಗಳು ಧನುಶ್ರೀ ಬಂದು ಕಿವಿಯಲ್ಲಿ ಪಿಸುಗುಟ್ಟಿದಳು. "ಅಮ್ಮ, ಜಸ್ಟ್ ಸೇ ಲೆಫ್ಟ್. ಪ್ಲೀಸ್. ಇಲ್ಲಾಂದ್ರೆ ಅಪ್ಪನ್ನ ಎಲ್ರೂ ಫೇಕ್ ಅಂತಾರೆ."

ಶಿವಪ್ರಸಾದನಿಗೆ ಇದ್ಯಾವುದೂ ಕೇಳಿಸಲಿಲ್ಲ. ಹಾಲಿನ ಟ್ಯಾಂಕರ್ ಓಡಿಸುವ ಆಳು, ದನಿಯೂ ಟ್ಯಾಂಕರಿನದೇ. "ಆ ಮಾರ್ಚ್ ತಿಂಗಳ ಮ್ಯಾಚು ನಾನು ಸಾಯೋತನಕ ಮರೆಯಲ್ಲ ಆಂಟಿ. ಚೆಂಡು ಮೋಡದೊಳಗೆ ಹೋಗಿ ಒದ್ದೆಯಾಗಿ ಕೆಳಗೆ ಬಂತು ಅಂದ್ರಲ್ಲ! ಟ್ಯಾಂಕರ್ ಸೈಡಿಗೆ ಹಾಕ್ಬಿಟ್ಟೆ. ಕ್ಯಾಬಿನ್ ಒಳಗೆ ಕೂತವನು, ಅಂಗಿ ನೆಂದಿದೆಯೇನೋ ಅಂತ ಮುಟ್ಟಿ ನೋಡ್ಕೊಂಡೆ, ದೇವ್ರಾಣೆ!"

ಅವತ್ತು ತಾನು ಕಳಿಸಿದ್ದು ಲೀಲಾಗೆ ನೆನಪಿತ್ತು: 'ಹನಿ ಬಿತ್ತು. ಎತ್ತರ ಹೊಡೆದ. ಔಟ್.' ಅಷ್ಟೇ. ಆ ಮೂರು ತುಣುಕಿನಿಂದ ಗಂಡ ಇನ್ನೊಬ್ಬನ ಅಂಗಿ ನೆನೆಸಿದ್ದರು! ಈಗ ಸುಳ್ಳು ಹೇಳಿದರೆ ಗಂಡನ ಮರ್ಯಾದೆ ಉಳಿಯುತ್ತದೆ, ನಿಜ. ಆದರೆ ಆ ವಿದ್ಯೆ ಎಂಥದ್ದಿತ್ತು ಎಂದು ಒಬ್ಬರಿಗೂ ತಿಳಿಯುವುದಿಲ್ಲವಲ್ಲ ಎಂದು ಲೀಲಾಗೆ ಸಂಕಟವಾಯಿತು. ಎದ್ದು ಬೆಂಚಿನ ಹತ್ತಿರ ಹೋದರು.

"ಅವರು ಅಲ್ಲಿ ಕೂತೇ ಇಲ್ಲ ಶಿವಪ್ರಸಾದ್. ಕೂತಿದ್ದವಳು ನಾನು. ಅವರು ಇಲ್ಲೇ, ಸ್ಟುಡಿಯೋದಲ್ಲಿದ್ರು. ನಾನು ಗಾಳಿ ಇದೆ ಅಂತ ಬರೆದ್ರೆ, ಧೂಳು ಎಬ್ಬಿಸ್ತಿದ್ದದ್ದು ಅವರು."

ಎಂಬತ್ತು ಜನ ಒಮ್ಮೆಗೇ ಇತ್ತ ತಿರುಗಿದರು. ಧನುಶ್ರೀ ತಲೆ ತಗ್ಗಿಸಿದಳು. ಶಿವಪ್ರಸಾದನ ಮುಖ ಕೆಂಪಾಯಿತು.

"ಅಂದ್ರೆ ಹನ್ನೊಂದು ವರ್ಷ ನಮ್ಮ ಕಿವಿ ಮೇಲೆ ಹೂ ಇಟ್ರಾ? ಮತ್ತೆ ಆ ಬ್ಯಾಟಿನ ಸೌಂಡು? ಅದನ್ನ ನಾನು ಈ ಕಿವಿಯಾರೆ ಕೇಳಿದೀನಲ್ಲ!"

 ಲೀಲಾ ಬೆಳಿಗ್ಗೆಯಿಂದ ತೆಗೆಯಲೋ ಬೇಡವೋ ಎಂದು ಚೀಲದಲ್ಲೇ ಇಟ್ಟುಕೊಂಡಿದ್ದ ಟವೆಲಿನ ಗಂಟು ಬಿಚ್ಚಿದರು. ಒಳಗೆ ಚಪಾತಿ ಒತ್ತುವ ಲಟ್ಟಣಿಗೆ, ನಡುಭಾಗ ಸವೆದು ಬಿಳಿಚಿಕೊಂಡಿತ್ತು. ಗಂಡ ಸ್ಟುಡಿಯೋದಲ್ಲಿ ಹೊಡೆಯಲೆಂದು ಮನೆಯ ಮೇಜಿನ ಮೇಲೆ ಅಭ್ಯಾಸ ಮಾಡುತ್ತಿದ್ದ ಹಾಗೆಯೇ, ಮಣಿಕಟ್ಟು ಸ್ವಲ್ಪ ತಿರುಗಿಸಿ, ಬೆಂಚಿನ ಅಂಚಿಗೆ ಒಂದೇ ಏಟು ಹೊಡೆದರು.

ಟಕ್!

ಎಂಬತ್ತು ತಲೆಗಳೂ ಮೇಲಕ್ಕೆದ್ದವು. ಸಿಟ್ಟಿನಲ್ಲಿದ್ದ ಶಿವಪ್ರಸಾದನದೂ, ತಗ್ಗಿದ್ದ ಧನುಶ್ರೀಯದೂ. ಎಲ್ಲರ ಕಣ್ಣುಗಳೂ ಒಟ್ಟಿಗೇ ಎಡದಿಂದ ಬಲಕ್ಕೆ ಸರಿದವು. ಮೇಲೆ ತಗಡಿನ ಸೂರು ಬಿಟ್ಟರೆ ಏನೂ ಇರಲಿಲ್ಲ. ಆದರೂ ಯಾರೂ ಕತ್ತು ಇಳಿಸಲಿಲ್ಲ. ಚೆಂಡು ಇನ್ನೂ ಕೆಳಗೆ ಬಂದಿರಲಿಲ್ಲ.