ಏರಿಯ ಮೇಲಿನ ಬೇವು

ಹಸಿ ಬೇವಿನ ಕಟ್ಟಿಗೆಯ ವಾಸನೆ ಬಂದರೆ ಈಗಲೂ ಅಕ್ಕಲಕೋಟೆ ಕಡೆಯ ನಮ್ಮೂರ ಕೆರೆ ನೆನಪಾಗುತ್ತದೆ.

ರವಿವಾರ ಸೊಲ್ಲಾಪುರದ ಜನ ಅಲ್ಲಿಗೆ ದೋಣಿಯಲ್ಲಿ ಸುತ್ತಲು ಬರುತ್ತಿದ್ದರು. ಕೆರೆಯ ಹಳೆಯ ಮಣ್ಣಿನ ಏರಿಯ ಮೇಲೆ, ಎಳೆವಯಸ್ಸಿನಲ್ಲೇ ತೀರಿಕೊಂಡ ಮಗನ ಹೆಸರಿನಲ್ಲಿ ಅಜ್ಜಿ ಬೇವು ನೆಟ್ಟಿದ್ದಳು. ಒಂದು ಮಳೆಗಾಲ ಅದರ ಬೇರಿನ ಗುಂಟ ನೀರು ಜಿನುಗತೊಡಗಿತು. ದೋಣಿಗಳು ನಿಂತವು. ನೀರು ಇಳಿದ ಮೇಲೆ ಒಂದು ಮಧ್ಯಾಹ್ನ ಮರ ಕಡಿಯಲು ಬಂದವರು ಅಜ್ಜಿಯನ್ನು ಕಂಡು ಕೊಡಲಿ ಕೆಳಗಿಟ್ಟರು.

"ಆಯಿ, ನೀವು ಬ್ಯಾಡ ಅಂದ್ರ ಹೊಳ್ಳಿ ಹೋಗ್ತೀವ್ರಿ," ಎಂದ ಒಬ್ಬ.

ಅಜ್ಜಿ ತೊಗಟೆಯ ಮೇಲೆ ಅಂಗೈ ಇಟ್ಟಳು. "ಕಡೀರಿ. ಏರಿ ಒಡದ್ರ ಕೆಳಗಿನ ಮನ್ಯಾಗೂ ಮಕ್ಕಳದಾವ."

ಬೇರು ಕಿತ್ತ ಕುಣಿಗೆ ಜೇಡಿಮಣ್ಣು ತುಂಬಿದಾಗ ಅವಳೂ ಇಳಿದು ತುಳಿದಳು.

ದೋಣಿಗಳು ಮತ್ತೆ ಹೊರಟ ದಿನ ನಾನು ನೀರಿನ ನಡುವಿನಿಂದ ಕೈ ಬೀಸಿದೆ. ನೆರಳಿಲ್ಲದ ಏರಿಯ ಮೇಲೆ ಸೆರಗು ಹೊದ್ದು ನಿಂತಿದ್ದ ಅಜ್ಜಿ, "ಗಟ್ಟಿ ಹಿಡ್ಕೊಂಡು ಕುಂಡ್ರು!" ಎಂದು ಕೂಗಿದಳು.