ನಾಲ್ಕು ಗಂಟೆ ಹಿಂದಿನ ತುತ್ತು

"ಇದು ಬೆಳಿಗ್ಗೆ ಪರೀಕ್ಷೆಗೆ ಅಂತ ಇಲ್ಲಿ ನೀವು ತಿಂದ ಮೊಟ್ಟೆ, ಬ್ರೆಡ್ಡು. ನಾಲ್ಕು ಗಂಟೆ ಆದ್ರೂ ಅರ್ಧಕ್ಕಿಂತ ಹೆಚ್ಚು ಹೊಟ್ಟೇಲೇ ಕೂತಿದೆ" ಎಂದು ಡಾಕ್ಟರಮ್ಮ ಸ್ಕ್ಯಾನಿನ ಪರದೆ ತೋರಿಸಿದಾಗ, ಬಡಗಿ ನೋಡಿದ್ದು ಪರದೆಯನ್ನಲ್ಲ, ಪಕ್ಕದಲ್ಲಿದ್ದ ಅಕ್ಕನ ಮುಖವನ್ನು.

ತಾಯಿ ಹೋದ ಮೇಲೆ ಅವನನ್ನು ಸಾಕಿದವಳು ಅವಳೇ. ಒಂದು ವರ್ಷದಿಂದ ಅವನು ನಾಲ್ಕು ತುತ್ತಿಗೇ ಸಾಕೆಂದು ಏಳುತ್ತಿದ್ದ, ಸಂಜೆ ಅದನ್ನೂ ವಾಂತಿ ಮಾಡಿಕೊಳ್ಳುತ್ತಿದ್ದ. "ನನ್ನ ಕೈಯಡುಗೆ ಸೇರಲ್ಲ ಅಂದ್ರೆ ಬಾಯಿಬಿಟ್ಟು ಹೇಳು" ಎಂದು ಅವಳು ಮುಖ ಊದಿಸಿಕೊಳ್ಳುತ್ತಿದ್ದಳು. ಅವಳ ಮನಸ್ಸು ನೋಯಿಸಲಾರದೆ ಅವನು ಮತ್ತೆರಡು ತುತ್ತು ನುಂಗಿ ಇನ್ನಷ್ಟು ನರಳುತ್ತಿದ್ದ.

"ಹಳೇ ಸಕ್ಕರೆ ಕಾಯಿಲೆ. ಹೊಟ್ಟೆ ನರಗಳು ಸೋತಿವೆ, ಊಟಾನ ಮುಂದಕ್ಕೆ ನೂಕಲ್ಲ" ಎಂದರು ಡಾಕ್ಟರಮ್ಮ. "ಪೂರ್ತಿ ವಾಸಿ ಆಗುತ್ತೆ ಅಂತ ಮಾತು ಕೊಡಲ್ಲ. ಆದ್ರೆ ಮಾತ್ರೆ ಇದೆ, ಪಥ್ಯ ಇದೆ. ಮೆತ್ತಗಿರೋ ಊಟ, ಜಿಡ್ಡು ಕಮ್ಮಿ, ಸ್ವಲ್ಪಸ್ವಲ್ಪವಾಗಿ ದಿನಕ್ಕೆ ಐದಾರು ಸಲ."

"ಹಾಗಾದ್ರೆ ನಾನು ಬಲವಂತ ಮಾಡಿ ಬಡಿಸಿದ್ದೆಲ್ಲ..." ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ನೀನು ಬಡಿಸಿದ್ದಕ್ಕೇ ಇಷ್ಟು ದಿನ ನಿಂತಿದ್ದೀನಿ, ಅಕ್ಕ. ನಿನ್ನ ಅಡುಗೆ ಮೇಲೆ ನಂಗೆ ಯಾವತ್ತೂ ಕೋಪ ಇರಲಿಲ್ಲ." ಇಷ್ಟು ಹೇಳುವ ಹೊತ್ತಿಗೆ ಅವನ ಕಣ್ಣೂ ತುಂಬಿತ್ತು.

ಅಕ್ಕ ಮೂಗು ಒರೆಸಿಕೊಂಡಳು. ಬಡಗಿ ತಮ್ಮ ಅಭ್ಯಾಸಬಲದಿಂದ ಕಿವಿಗೆ ಸಿಕ್ಕಿಸಿಕೊಂಡೇ ಬಂದಿದ್ದ ಪೆನ್ಸಿಲನ್ನು ಎಳೆದುಕೊಂಡು, ಸ್ಕ್ಯಾನಿನ ಲಕೋಟೆಯನ್ನು ಮಗುಚಿ ತೊಡೆಯ ಮೇಲಿಟ್ಟಳು.

"ನಿಧಾನವಾಗಿ ಹೇಳಿ ಡಾಕ್ಟರಮ್ಮ, ಬರ್ಕೋತೀನಿ. ಮೊದಲನೇ ಊಟ ಎಷ್ಟು ಗಂಟೆಗೆ?"